ಹುಣಸೆಬೀಜದಷ್ಟು ಬಿಸ್ಮತ್ ಬೋರೇಟ್

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನಾನು ಇದುವರೆಗೆ ಬರೆದದ್ದು ಪ್ರಶ್ನೆಪತ್ರಿಕೆಗಳನ್ನು ಮಾತ್ರ. ಅವನ್ನು ಓದಿ ಯಾರೂ ನಕ್ಕಿಲ್ಲ. ಬೇಡದ್ದನ್ನೆಲ್ಲ ವಿವರಿಸಿ ಬೇಕಾದ್ದನ್ನು ಮರೆಯುವ ಚಾಳಿಯೂ ನನಗಿದೆಯಂತೆ, ಹೆಂಡತಿ ಹೇಳುತ್ತಾಳೆ. ಆದರೆ ಹರಳು ಬೆಳೆಸುವವನ ಸುತ್ತ ಇಂಥ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ. ಹೇಳದೆ ಇರಲಾಗುವುದಿಲ್ಲ.

ನಾನು ಶಿಕಾರಿಪುರದ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ಪಿಎಚ್.ಡಿ.ಗಾಗಿ ಬಿಸ್ಮತ್ ಬೋರೇಟ್ ಎಂಬ ಹರಳು ಬೆಳೆಸುತ್ತೇನೆ. ಈಗ ಲ್ಯಾಬಿನ ಹೊರಗೆ ಬೆಂಚಿನ ಮೇಲೆ ಕೂತಿದ್ದೇನೆ. ಒಳಗೆ, ಶಿವಮೊಗ್ಗದಿಂದ ಬಂದ ನನ್ನ ಗೈಡು ನನ್ನ ಹರಳನ್ನು ಲೇಸರ್ ಮುಂದಿಟ್ಟು ಪರೀಕ್ಷೆ ಮಾಡುತ್ತಿದ್ದಾರೆ. ಪಾಸಾದರೆ ಪ್ರಬಂಧ ಬರೆಯಬಹುದು. ಇಲ್ಲವಾದರೆ ವಿಷಯವನ್ನೇ ಬದಲಾಯಿಸಿ ಎಂದಿದ್ದಾರೆ. ನನ್ನ ಹತ್ತಿರ ಇನ್ನೊಂದು ಹರಳಿಲ್ಲ. ಒರೆಸಿದ ಹರಳನ್ನೇ ನಾನು ಮತ್ತೆ ಮತ್ತೆ ಒರೆಸುವುದನ್ನು ನೋಡಿ, “ನೀವು ಹೊರಗೆ ಕೂತು ಏನಾದರೂ ಬರೀತಾ ಇರಿ” ಎಂದು ಕಳಿಸಿದರು. ಅದಕ್ಕೇ ಬರೆಯುತ್ತಿದ್ದೇನೆ.

ಕೇರಂ

ಈ ಹರಳಿಗೆ ಬೇಕಾದವು ಎರಡೇ ಪುಡಿಗಳು. ಹಳದಿ ಬಣ್ಣದ ಬಿಸ್ಮತ್ ಆಕ್ಸೈಡ್, ಬಿಳಿಯ ಬೋರಿಕ್ ಆಮ್ಲ. ಬೋರಿಕ್ ಆಮ್ಲವನ್ನು ಅತಿ ಶುದ್ಧವಾದದ್ದೇ ಬೇಕೆಂದು ಹಟ ಹಿಡಿದು ತರಿಸಿದ್ದೆ. ಒಂದು ದಿನ ನೋಡಿದರೆ ಬಾಟಲಿ ಅರ್ಧ ಖಾಲಿ. ಹುಡುಕುತ್ತಾ ಹೋದರೆ ಆಟದ ಕೋಣೆಯಲ್ಲಿ ಪಿ.ಟಿ. ಮೇಷ್ಟ್ರು ಅದನ್ನು ಕೇರಂ ಬೋರ್ಡಿನ ಮೇಲೆ ಧಾರಾಳವಾಗಿ ಉದುರಿಸುತ್ತಿದ್ದರು.

“ಬಾಟ್ಲಿ ಮೇಲೆ ಬೋರಿಕ್ ಅಂತ ಇತ್ತಲ್ರೀ ಸಾರ್. ಬೋರಿಕ್ ಅಂದ್ರೆ ಕೇರಂಗಲ್ದೆ ಇನ್ಯಾತಕ್ಕೆ?”

ಯಾತಕ್ಕೆಂದು ನಾನು ವಿವರಿಸಿದೆ. ಬೋರಾನು ಮೂರು ಆಕ್ಸಿಜನ್ನುಗಳ ಜೊತೆ ಸೇರಿ ತ್ರಿಕೋನವಾಗುವುದು, ನಾಲ್ಕರ ಜೊತೆ ಸೇರಿ ನಾಲ್ಕು ಮುಖದ ಗೋಪುರವಾಗುವುದು, ಎರಡು ತ್ರಿಕೋನಕ್ಕೆ ಒಂದು ಗೋಪುರದಂತೆ ಹೆಣೆದುಕೊಂಡು ಚಾಪೆಯ ಹಾಗೆ ಹಾಸಿಕೊಳ್ಳುವುದು, ಎಲ್ಲವನ್ನೂ ಹೇಳಿದೆ. ಅವರು ಸ್ಟ್ರೈಕರ್ ಕೆಳಗಿಟ್ಟು ಪೂರ್ತಿ ಕೇಳಿದರು. ಕೊನೆಗೆ ನಿಜವಾದ ಮರುಕದಿಂದ ಹೇಳಿದರು:

“ಪೌಡರ್ ಬಗ್ಗೆ ಇಷ್ಟೆಲ್ಲ ತಿಳ್ಕೊಂಡೂ ನೀವು ಒಂದು ದಿನಾನಾದ್ರೂ ಕೇರಂ ಆಡ್ಲಿಲ್ವಲ್ರೀ!”

ಬಸ್ಸು ಮತ್ತು ಪಂಕ್ತಿ

ಎರಡೂ ಪುಡಿಯನ್ನು ಬೆರೆಸಿ ಕುಲುಮೆಯಲ್ಲಿ ಕರಗಿಸಬೇಕು. ನಮ್ಮದು ಕರೆಂಟಿನ ಕುಲುಮೆ, ಅಕ್ಕಿಡಬ್ಬಿಯಷ್ಟು ದೊಡ್ಡದು. ಕರಗಿದ್ದನ್ನು ಬಹಳ ನಿಧಾನವಾಗಿ ತಣಿಸಿದರೆ ಹರಳು. ಅವಸರದಲ್ಲಿ ತಣಿದರೆ ಗಾಜು. ಮೊದಲ ಸಲ ಮಧ್ಯಾಹ್ನವೆಲ್ಲ ಕರೆಂಟು ಹೋಗಿ ಅಷ್ಟೂ ಗಾಜಾಯಿತು. ನಮ್ಮ ಅಟೆಂಡರ್ ಅದನ್ನು ಬೆಳಕಿಗೆ ಹಿಡಿದು, “ಎಷ್ಟು ಚಂದ ಐತ್ರೀ! ಇದಕ್ಕೆ ಯಾಕೆ ಮುಖ ಸಣ್ಣದು ಮಾಡ್ಕೊಂಡೀರಿ?” ಎಂದರು.

ನಾನು ಅವರಿಗೆ ತಿಳಿಯುವಂತೆ ಹೇಳಿದೆ. “ಗಾಜು ಅಂದ್ರೆ ಸೊರಬದ ಸಂಜೆ ಬಸ್ಸು. ಹತ್ತಿದೋರು ಎಲ್ಲಿ ಸಿಕ್ಕಿಹಾಕ್ಕೊಂಡ್ರೋ ಅಲ್ಲೇ. ಹರಳು ಅಂದ್ರೆ ಮದುವೆ ಊಟದ ಪಂಕ್ತಿ. ಎಲ್ಲರೂ ಸಾಲಾಗಿ ಕೂತಿರ್ತಾರೆ. ಬೋರಾನ್, ಆಕ್ಸಿಜನ್ ಕೂತೋರು. ಸಾಲಿನ ನಡುವೆ ಬಡಿಸೋನು ಬಿಸ್ಮತ್. ಅವನ ಕೈಲೊಂದು ಬಕೆಟ್. ಅದಕ್ಕೇ ಅವನು ಒಂದು ಪಕ್ಕಕ್ಕೆ ವಾಲಿರ್ತಾನೆ.”

“ಬಕೆಟ್ನಾಗೆ ಏನೈತ್ರೀ?”

“ಒಂದು ಜೋಡಿ ಎಲೆಕ್ಟ್ರಾನ್.”

ಅಟೆಂಡರ್ ಕಣ್ಣರಳಿಸಿದರು. “ಇಡೀ ಪಂಕ್ತಿಗೆ ಎರಡೇ ಏನ್ರೀ? ಎಂಥಾ ಜಿಪುಣರ ಮದುವೆ ಸಾರ್ ಇದು!”

ಅತ್ತೆಯವರ ವಿಚಾರಣೆ

ನನ್ನ ಅತ್ತೆಯವರು ಚಂದ್ರಗುತ್ತಿ ಕಡೆಯವರು. ಬರುವಾಗ ಜೋನಿಬೆಲ್ಲ ತರುತ್ತಾರೆ. ಸೌಟಿನಿಂದ ಅದು ಇಳಿಯುವುದನ್ನು ನೋಡಿ ನನಗೆ ಸುಮ್ಮನಿರಲಾಗಲಿಲ್ಲ. “ಅತ್ತೆ, ಕುಲುಮೆಯಲ್ಲಿ ಕರಗಿದ ನಮ್ಮ ಪಾಕವೂ ಹೀಗೇ ಅಂಟು. ಅದಕ್ಕೇ ಹರಳು ಅಷ್ಟು ತಡ. ಮೇಲಿಂದ ಬೀಜ ಅಂತ ಒಂದು ಚೂರು ಹರಳನ್ನು ಅದ್ದಿ, ಅದರ ಸುತ್ತ ಬೆಳೆಯೋವರೆಗೆ ಕಾಯಬೇಕು” ಎಂದೆ.

ಬೀಜ ಎಂದದ್ದೇ ಅವರು ನೆಟ್ಟಗೆ ಕೂತರು. ಹೊಲ ಮಾಡುವವರು.

“ಬೀಜ ಹಾಕಿ ಎಷ್ಟು ದಿನ ಆಯ್ತು?”

“ಮೂರು ಸಲ ಹಾಕಿದೆ. ಎರಡು ಕರಗಿಹೋದವು. ಇದೇ ಕೊನೇ ಬೀಜ.”

“ಫಸಲು ಎಷ್ಟು ಬರ್ತದೆ?”

“ಎಲ್ಲ ಸರಿಹೋದ್ರೆ ಒಂದು ಹುಣಸೆಬೀಜದಷ್ಟು.”

ಅತ್ತೆ ನನ್ನನ್ನೂ ಮಗಳನ್ನೂ ಒಮ್ಮೆ ನೋಡಿದರು. ಬೈಯಲಿಲ್ಲ. ಅಂದಿನಿಂದ ದಿನಾ ಫೋನು ಮಾಡಿ, “ಮೊಳಕೆ ಬಂತಾ?” ಎಂದು ವಿಚಾರಿಸುತ್ತಿದ್ದರು. ಬರಲಿಲ್ಲ, ಬರಲಿಲ್ಲ ಎಂದು ಹೇಳಿ ನನಗೇ ನಾಚಿಕೆಯಾಗುತ್ತಿತ್ತು. ಒಂದು ದಿನ ಅವರೇ ಸಮಾಧಾನ ಹೇಳಿದರು: “ಬೇಜಾರು ಮಾಡ್ಕೋಬೇಡಿ. ಮುಂದಿನ ಸಲ ಜೋಳ ಹಾಕಿ.”

ಕುಲುಮೆಗೆ ರಜಾ

ಕೊನೆಗೂ ಹರಳು ಬಂತು. ಅದನ್ನು ಪಾಕದಿಂದ ಮೇಲೆತ್ತಿ ಕುಲುಮೆಯೊಳಗೇ ಮೆಲ್ಲಗೆ ತಣಿಸುತ್ತಿದ್ದೆ. ಮೆಲ್ಲಗೆ ಯಾಕೆಂದರೆ, ಬಿಸಿ ಮಾಡಿದಾಗ ಈ ಹರಳು ಒಂದು ದಿಕ್ಕಿಗೆ ಹಿಗ್ಗುತ್ತದೆ, ಇನ್ನೊಂದು ದಿಕ್ಕಿಗೆ ಕುಗ್ಗುತ್ತದೆ. ತಣಿಯುವಾಗ ಇದೇ ಉಲ್ಟಾ. ಗಡಿಬಿಡಿ ಮಾಡಿದರೆ ಸೀಳುತ್ತದೆ.

ಅಷ್ಟರಲ್ಲಿ ಆಯುಧಪೂಜೆ ಬಂತು. ಅಂದು ನಮ್ಮಲ್ಲಿ ಯಾವ ಯಂತ್ರವೂ ದುಡಿಯುವಂತಿಲ್ಲ. ಅಟೆಂಡರ್ ಬಾಗಿಲಲ್ಲಿ ನಿಂತು ಹೇಳಿದರು: “ಕಂಪ್ಯೂಟರ್ಗೆ ರಜಾ. ಕಾಲೇಜ್ ಬೆಲ್ಲಿಗೂ ರಜಾ. ಇದೊಂದೇ ದುಡೀತಾ ಐತಿ. ಪಾಪ ಅನ್ಸಲ್ವಾ ನಿಮಗೆ?”

ಅಂಗಲಾಚಿದೆ. ಉರಿಯುವಾಗಲೇ ಪೂಜೆಯಾಗಲಿ ಎಂದು ಒಪ್ಪಂದವಾಯಿತು. ಕುಲುಮೆಗೆ ವಿಭೂತಿ ಹಚ್ಚಿದರು, ಚೆಂಡುಹೂವಿನ ಹಾರ ಹಾಕಿದರು. ಹಾರ ನೋಡುನೋಡುತ್ತಲೇ ಬಾಡಿತು. ಹೊರಗೆ ಬೂದುಗುಂಬಳ ಒಡೆದರು. ನಾನು ನೆಮ್ಮದಿಯ ಉಸಿರು ಬಿಟ್ಟೆ. ಆಗ ಪಿ.ಟಿ. ಮೇಷ್ಟ್ರು ಭಕ್ತಿಯಿಂದ ಕೈಮುಗಿದು, ಇಡೀ ಕಟ್ಟಡದ ಮೇನ್ ಸ್ವಿಚ್ ಆಫ್ ಮಾಡಿದರು.

ನಾನು ಓಡಿದೆ. ಮತ್ತೆ ಆನ್ ಮಾಡಲು ಕೈ ಚಾಚಿದರೆ ಅಟೆಂಡರ್ ಅಡ್ಡ ನಿಂತು ಪಿಸುಗುಟ್ಟಿದರು: “ಒಂದ್ಗಳಿಗೆ ತಡೀರಿ ಸಾರ್. ಈಗ ತಾನೇ ಕಣ್ಣು ಮುಚ್ಚೈತಿ.”

ವಾರ ಕಳೆದು ತೆಗೆದಾಗ ಒಂದು ಅಂಚಿನಲ್ಲಿ ಬಿರುಕು. ನಡುವೆ ಮಾತ್ರ ನೀರಿನಷ್ಟು ತಿಳಿ. ಪೂಜೆಯಿಂದಲೇ ಬಿರುಕು ಬಂತೆಂದು ನಾನು. ಪೂಜೆಯಿಂದಲೇ ನಡುಭಾಗ ಉಳಿಯಿತೆಂದು ಅವರು.

ಗೋಡೆ

ಆ ನಡುಭಾಗವೇ ಈಗ ಒಳಗಿರುವುದು. ಗೈಡ್ ಬರುತ್ತಾರೆಂದು ಅಟೆಂಡರ್ ತಾವೇ ನಿಂತು ಲ್ಯಾಬಿಗೆ ಸುಣ್ಣ ಹೊಡೆಸಿದ್ದಾರೆ. ಪರೀಕ್ಷೆ ಏನೆಂಬುದನ್ನು ಈಗಲಾದರೂ ಹೇಳಿಬಿಡುತ್ತೇನೆ. ಈ ಲೇಸರಿನ ಬೆಳಕು ಕಣ್ಣಿಗೆ ಕಾಣುವುದಿಲ್ಲ. ಆದರೆ ಬಕೆಟ್ ಹಿಡಿದ ಬಿಸ್ಮತ್ತುಗಳೆಲ್ಲ ಹೀಗೆ ವಾಲಿಕೊಂಡಿರುವುದರಿಂದ, ಹರಳಿನೊಳಗೆ ಆ ಕಾಣದ ಬೆಳಕಿನ ಎರಡೆರಡು ಪಾಲು ಸೇರಿ, ಒಂದೊಂದು—

“ಸಾರ್! ಬರ್ರೀ ಇಲ್ಲಿ!” ಅಟೆಂಡರ್ ಬಾಗಿಲಿಗೆ ಬಂದಿದ್ದಾರೆ. ಕೈಯಲ್ಲಿ ಒದ್ದೆ ಬಟ್ಟೆ. ಮುಖ ಕೆಂಪಗಾಗಿದೆ. “ಏನು ಯಂತ್ರ ತಂದಾರ್ರೀ ನಿಮ್ಮ ಗೈಡು? ಹೊಸಾ ಸುಣ್ಣದ ಗೋಡೆ ಮೇಲೆ ಹಸಿರು ಕಲೆ! ಆಗಿಂದ ಒರೆಸ್ತಾ ಇದೀನಿ, ಹೋಗವಲ್ದು. ಅವರು ನೋಡಿದ್ರೆ ನಗ್ತಾ ನಿಂತಾರೆ!”

ಬಸ್ಸು, ಪಂಕ್ತಿ, ಬಕೆಟ್ ಎಲ್ಲವನ್ನೂ ಇವರಿಗೆ ವಿವರಿಸಿದ್ದೆ. ಹಸಿರು ಬೆಳಕು ಬಂದರೆ ಹರಳು ಪಾಸು ಅನ್ನುವುದೊಂದನ್ನು ಹೇಳಿರಲಿಲ್ಲ. ಬಂದೆ ಅಟೆಂಡರ್ರೇ, ಬಂದೆ, ಒರೆಸಬೇಡಿ, ಅದು ಯಾಕೆ ಹೋಗುವುದಿಲ್ಲವೆಂದರೆ, ಎರಡು ಪಾಲು ಸೇರಿ