ಹಸಿರು ಬಾಗಿಲಿನ ಹಿಂದೆ ಯಾರು?

ಮುಚ್ಚಿದ ಬಾಗಿಲು ಕಂಡರೆ ಅದರ ಹಿಂದೆ ಯಾರಿರಬಹುದು ಎಂದು ಯೋಚಿಸುತ್ತಾ ನಿಲ್ಲುವುದು ನನಗೆ ಚಿಕ್ಕಂದಿನಿಂದ ಅಂಟಿದ ಚಾಳಿ. ಶಟರ್ ಎಳೆದ ಅಂಗಡಿ, ಗಲ್ಫಿನಲ್ಲಿರುವವರ ಬೀಗ ಹಾಕಿದ ದೊಡ್ಡ ಮನೆ, ಗುಡ್ಡದ ಬದಿಯ ಪಂಪ್ ಶೆಡ್ಡು, ಯಾವುದನ್ನೂ ಬಸ್ಸಿನ ಕಿಟಕಿಯಿಂದ ಸುಮ್ಮನೆ ನೋಡಿ ಬಿಡಲು ನನ್ನಿಂದಾಗದು. ಒಳಗೆ ಒಬ್ಬರನ್ನು ಕೂರಿಸಿ, ಅವರಿಗೊಂದು ಹೆಸರಿಟ್ಟು, ಚಹಾ ಕುಡಿಸಿ, ಸುಖದುಃಖ ವಿಚಾರಿಸುವಷ್ಟರಲ್ಲಿ ನಾನಿಳಿಯುವ ವಿದ್ಯಾನಗರ ಬಂದಿರುತ್ತದೆ. ಈ ಚಾಳಿಗೆ ಒಂದೇ ಅಪವಾದ, ನಮ್ಮ ಮನೆಯ ಅಡುಗೆಕೋಣೆಯ ಹಿಂಬಾಗಿಲು. ಮಳೆಗಾಲದಲ್ಲಿ ಉಬ್ಬಿ, ಕೀಲುಗಳಿಗೆ ತುಕ್ಕು ಹಿಡಿದು ಚೌಕಟ್ಟಿಗೆ ಕಚ್ಚಿಕೊಂಡದ್ದು ಬೇಸಿಗೆ ಬಂದರೂ ಬಿಟ್ಟಿರಲಿಲ್ಲ. ಬಾವಿ ಇರುವುದು ಆ ಕಡೆಗೆ. ಹೆಂಡತಿ ಸುಮತಿ ಕೊಡ ಹಿಡಿದು ಎದುರು ಬಾಗಿಲಿನಿಂದ ಇಳಿದು, ಇಡೀ ಮನೆಗೆ ಸುತ್ತು ಹಾಕಿ ನೀರು ತರುತ್ತಿದ್ದಳು. "ಅದನ್ನೊಮ್ಮೆ ನೋಡಿ ಮಾರಾಯ್ರೆ" ಎಂದಾಗಲೆಲ್ಲ ನಾನು "ನೋಡುವ" ಎನ್ನುತ್ತಿದ್ದೆ. ಸರಕಾರಿ ಕಚೇರಿಯಲ್ಲಿ ಕೆಲಸ ಮಾಡುವವನಿಗೆ ಈ ಮಾತು ಉಸಿರಾಟದಷ್ಟೇ ಸಲೀಸು.

ನಾನು ನೋಡುತ್ತಿದ್ದದ್ದು ಬೇರೊಂದು ಬಾಗಿಲನ್ನು. ಕಂಪ್ಯೂಟರಿನಲ್ಲಿ ನಾವೇ ಒಂದು ಪಾತ್ರವಾಗಿ ಆಡುವ ಆಟಗಳುಂಟು. ನನ್ನ ಆಟದಲ್ಲಿ ನಾನೊಬ್ಬ ಹೆಸರಿಲ್ಲದ ಸಿಪಾಯಿ. ಕಳೆದುಹೋದ ಕಿರೀಟವನ್ನು ಹುಡುಕಿ ತರಬೇಕು. ಆದರೆ ಅವಸರವೇನೂ ಇಲ್ಲ, ಇಷ್ಟ ಬಂದ ಕಡೆ ಹೋಗಬಹುದು, ಸಿಕ್ಕಿದವರೊಡನೆ ಮಾತಾಡಬಹುದು. ದಾರಿಯಲ್ಲಿ ಸಮುದ್ರದ ಬದಿಗೆ ಒಂದು ಸಣ್ಣ ಊರು, ಊರಿನ ಬಾವಿಯ ಹತ್ತಿರ ಒಂದು ಹಸಿರು ಬಾಗಿಲು. ಎಷ್ಟು ತಟ್ಟಿದರೂ ತೆರೆಯುವುದಿಲ್ಲ. ಅಲ್ಲಿಗೆ ನನ್ನ ಸಿಪಾಯಿಯ ಪ್ರಯಾಣ ನಿಂತಿತು. ಕಿರೀಟ ಹಾಳಾಗಿ ಹೋಗಲಿ, ನನಗೆ ಆ ಬಾಗಿಲು ಬೇಕಿತ್ತು. ಒಳಗೊಬ್ಬ ಮುದುಕ ಬಲೆ ಹೆಣೆಯುತ್ತಿರಬೇಕು, ಅವನ ಪಕ್ಕದಲ್ಲಿ ದೀಪ ಸಣ್ಣಗೆ ಉರಿಯುತ್ತಿರಬೇಕು, ದೂರದ ಯಾವುದೋ ಚಳಿದೇಶದಲ್ಲಿ ಈ ಆಟ ಮಾಡಿದವರು ಒಂದು ಸಂಜೆ ಕುಳಿತು ಅವನನ್ನು ಪ್ರೀತಿಯಿಂದ ಯೋಚಿಸಿರಬೇಕು. ಕಚೇರಿಯ ಟಪಾಲಿನ ನಡುವೆಯೂ ನನಗೆ ಆ ಊರಿನ ಅಲೆಗಳ ಸದ್ದು ಕೇಳುತ್ತಿತ್ತು.

ಇದನ್ನೆಲ್ಲ ಹೇಳಿಕೊಳ್ಳಲು ನನಗಿದ್ದವನು ಲ್ಯಾನ್ಸಿ ಒಬ್ಬನೇ. ನಮ್ಮದೇ ಕಟ್ಟಡದ ಬೇರೊಂದು ವಿಭಾಗದಲ್ಲಿ ಅವನ ಕೆಲಸ, ಮನೆಯಲ್ಲಿ ಅವನಿಗೂ ಇದೇ ಆಟ. ಪುತ್ತಿಗೆಯಲ್ಲಿ ಬಸ್ಸು ಹತ್ತುವ ನಾನು ಪಕ್ಕದ ಸೀಟಿನಲ್ಲಿ ಚೀಲ ಇಟ್ಟು, ಮುಂದಿನ ಸ್ಟಾಪಿನಲ್ಲಿ ಹತ್ತುವ ಅವನಿಗೆ ಜಾಗ ಹಿಡಿಯುತ್ತಿದ್ದೆ. ಅವನು ಬಂದು ಕೂತದ್ದೇ ವಾದ ಶುರು. ಆಟ ಮಾಡುವವರು ಮೊದಲು ಏನನ್ನು ಯೋಚಿಸುತ್ತಾರೆ? "ಮೊದ್ಲು ಕೊನೆ ಬರೀತಾರೆ ಮಾರಾಯ. ಆಮೇಲೆ ದಾರಿ. ದಾರಿ ಬದಿ ಬೋಳು ಕಾಣ್ಬಾರ್ದು ಅಂತ ನಾಲ್ಕು ಮನೆ, ಗೋಡೆ ಬೋಳು ಕಾಣ್ಬಾರ್ದು ಅಂತ ಬಾಗಿಲು. ಅದರ ಹಿಂದೆ ಎಂತದೂ ಇಲ್ಲ" ಎಂದು ಲ್ಯಾನ್ಸಿ. ಮೊದಲು ಊರು ಕಟ್ಟುತ್ತಾರೆ, ಅದರಲ್ಲಿ ಜನರನ್ನು ಇಡುತ್ತಾರೆ, ಕತೆ ತಾನಾಗಿ ಹುಟ್ಟುತ್ತದೆ, ಆದ್ದರಿಂದ ಬಾಗಿಲಿದ್ದಮೇಲೆ ಹಿಂದೆ ಒಬ್ಬರು ಇರಲೇಬೇಕು ಎಂದು ನಾನು. ಇಂಟರ್ನೆಟ್ಟಿನಲ್ಲಿ ಈ ಆಟದ ಅಭಿಮಾನಿಗಳು ಸೇರಿ ಜಗಳವಾಡುವ ಜಾಗವೊಂದಿತ್ತು. ಅಲ್ಲಿ ಕೇಳಿದೆ. ಒಬ್ಬ ಪುಣ್ಯಾತ್ಮ ತಾನು ಬಾಗಿಲ ಸಂದಿಯಲ್ಲಿ ಬೆಳಕು ಕಂಡೆನೆಂದ. ಇನ್ನೊಬ್ಬ ನಮ್ಮಿಬ್ಬರಿಗೂ ಕಣ್ಣು ಪರೀಕ್ಷೆ ಮಾಡಿಸಲು ಹೇಳಿದ.

ಲ್ಯಾನ್ಸಿ ಒಂದು ದಿನ ಮಿತಿ ಮೀರಿದ. "ನಿಂಗೆ ಆಟ ಮುಗಿಸ್ಲಿಕ್ಕೆ ಹೆದರಿಕೆ. ಅದ್ಕೆ ಬಾಗಿಲು ತಟ್ಟಿಕೊಂಡು ಕೂತದ್ದು" ಎಂದುಬಿಟ್ಟ, ಅದೂ ಕಂಡಕ್ಟರಿಗೆ ಕೇಳುವ ಹಾಗೆ! ನನಗೆ ಉರಿದುಹೋಯಿತು. "ನಿನಗೆ ಕನಸೇ ಬೀಳುವುದಿಲ್ಲ ಮಾರಾಯ. ಬಿದ್ದರೂ ಅದಕ್ಕೊಂದು ಸೀಲು ಹೊಡೆದು ಮತ್ತೆ ಮಲಗುತ್ತಿ" ಎಂದೆ. ಮರುದಿನ ಅವನು ನನ್ನನ್ನು ದಾಟಿ ಹಿಂದಿನ ಸೀಟಿನಲ್ಲಿ ಕುಳಿತ. ಅದರ ಮರುದಿನವೂ ಅಷ್ಟೆ. ನಾನು ಚೀಲ ಇಟ್ಟು ಜಾಗ ಹಿಡಿಯುವುದನ್ನು ಮಾತ್ರ ಬಿಡಲಿಲ್ಲ, ಜನ ನಿಂತುಕೊಂಡು ಬೈದರೂ. ಕಿಟಕಿಯಾಚೆ ಬೀಗ ಹಾಕಿದ ಮನೆಗಳು ಸಾಗಿಹೋಗುತ್ತಿದ್ದವು. ಅವುಗಳೊಳಗೆ ಈಗ ನನಗೆ ಯಾರೂ ಕಾಣಿಸುತ್ತಿರಲಿಲ್ಲ. ಲ್ಯಾನ್ಸಿ ಪಕ್ಕದಲ್ಲಿಲ್ಲದ ಬಸ್ಸು ನನಗೆ ನಿಜಕ್ಕೂ ಬೇಡವಾಗಿತ್ತು, ಹೇಳಿಕೊಳ್ಳಲು ನಾಲಗೆ ಏಳಲಿಲ್ಲ.

ಹಾಗಿರುವಾಗ ಆದಿತ್ಯವಾರ ಬಂತು. ನಮ್ಮ ಭಜನಾಮಂದಿರದಲ್ಲಿ ಆದಿತ್ಯವಾರ ಮಧ್ಯಾಹ್ನದ ಮೇಲೆ ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡಿದ ಮೇಲೆ ಅರ್ಥ ಹೇಳುವವರು ಕುಳಿತಲ್ಲೇ ಪಾತ್ರವಾಗಿ, ಆ ಕ್ಷಣಕ್ಕೆ ಹೊಳೆದ ಮಾತಿನಲ್ಲೇ ವಾದ ಬೆಳೆಸಬೇಕು. ಎಷ್ಟು ಬೆಳೆಸಿದರೂ ಮುಂದಿನ ಪದ್ಯಕ್ಕೆ ಸರಿಯಾಗಿ ತಂದು ನಿಲ್ಲಿಸಬೇಕು. ಬಾಲ್ಯದಿಂದ ಅಲ್ಲಿ ಕೂತು ಕೇಳಿ ಲ್ಯಾನ್ಸಿಯೂ ಚೆನ್ನಾಗಿ ಅರ್ಥ ಹೇಳುತ್ತಾನೆ. ಅಂದು ನಾನು ಸಂಧಿಗೆ ಒಪ್ಪದ ರಾಜ, ಅವನು ಸಂಧಿ ಕೇಳಲು ಬಂದ ದೂತ. ಮಾತು ಬಿಟ್ಟ ಇಬ್ಬರನ್ನು ಎದುರುಬದುರು ಕೂರಿಸಿದ್ದು ಭಾಗವತರಿಗೆ ಗೊತ್ತಿರಲಿಲ್ಲ. ಹೆಂಗಸರ ಸಾಲಿನಲ್ಲಿ ಸುಮತಿ ಕುಳಿತಿದ್ದಳು.

ನಾನು ಬಿಗುಮಾನದಿಂದಲೇ ಶುರುಮಾಡಿದೆ. ನನ್ನ ಕೋಟೆಯ ಬಾಗಿಲು ಯಾರಿಗೂ ತೆರೆಯದು ಎಂದೆ. ಲ್ಯಾನ್ಸಿ ಮೆಲ್ಲಗೆ, "ಪ್ರಭು, ಬಾಗಿಲು ಮುಚ್ಚಿ ಒಳಗೆ ಕುಳಿತವರಿಗೆ ಹೊರಗೆ ಸುತ್ತುವವರ ಕಾಲುನೋವು ತಿಳಿಯುವುದಿಲ್ಲ. ಈ ದೂತನು ಹಲವು ದಿನಗಳಿಂದ ಹೊರಗೆ ನಿಂತಿದ್ದಾನೆ. ಬಾಗಿಲನ್ನು ತೆರೆಯಬೇಕು" ಎಂದ. ನಾನು ರಾಜನೆಂಬುದನ್ನೇ ಮರೆತೆ. "ತೆರೆದಿದ್ದೇನೆ ದೂತನೇ, ಒಳಗೆ ಬಾ. ಸಂಧಿಗೆ ಒಪ್ಪಿದೆ" ಎಂದುಬಿಟ್ಟೆ.

ಅಯ್ಯೋ ದೇವರೇ! ರಾಜ ಒಪ್ಪಿದರೆ ಯುದ್ಧವಿಲ್ಲ, ಯುದ್ಧವಿಲ್ಲದಿದ್ದರೆ ಮುಂದಿನ ಪ್ರಸಂಗವೇ ಇಲ್ಲ. ಮದ್ದಳೆಯವರ ಕೈ ಗಾಳಿಯಲ್ಲೇ ನಿಂತಿತು. ಭಾಗವತರು ನನ್ನನ್ನು ನುಂಗುವ ಹಾಗೆ ನೋಡಿ, ಜಾಗಟೆಗೆ ಬಲವಾಗಿ ಬಾರಿಸಿ ಮುಂದಿನ ಪದ್ಯವನ್ನು ಎತ್ತಿಯೇಬಿಟ್ಟರು. ರಾಜ ಕೋಪದಿಂದ ದೂತನನ್ನು ಕಟ್ಟಿಹಾಕಿಸುವ ಪದ್ಯ. ಬೇರೆ ದಾರಿ ಕಾಣದೆ, "ಒಪ್ಪಿದ್ದು ಹೌದು. ಈಗ ಮನಸ್ಸು ಬದಲಾಯಿತು. ಯಾರಲ್ಲಿ! ಇವನನ್ನು ಕಟ್ಟಿ!" ಎಂದೆ. ಸಭೆ ಬಿದ್ದು ಬಿದ್ದು ನಕ್ಕಿತು. ಕಟ್ಟಿಸಿಕೊಂಡ ದೂತನೂ ನಕ್ಕ.

ಮಂಗಳ ಹಾಡಿ ಮುಗಿದ ಮೇಲೆ ಲ್ಯಾನ್ಸಿ ನನ್ನ ಜೊತೆಗೇ ನಮ್ಮ ಮನೆಯ ಕಡೆ ಹೊರಟ. "ನೋಡಿದಿಯಾ? ಕೊನೆ ಮೊದ್ಲೇ ಬರ್ದು ಆಗಿತ್ತು."

"ನಡುವಿನಲ್ಲಿ ನಾನು ಒಪ್ಪಿದ್ದು ಬರೆದಿತ್ತಾ?"

"ಅದು ಇರ್ಲಿಲ್ಲ ಮಾರಾಯ" ಎಂದು ಅವನು ನನ್ನ ಹೆಗಲಿಗೆ ಕೈ ಹಾಕಿದ. ಸಂಜೆಯ ಬಿಸಿಲಿನಲ್ಲಿ ನಮ್ಮ ಗುಡ್ಡ, ಗೇರುಮರಗಳು, ಮನೆಗೆ ಮರಳುವ ದನಗಳು, ಎಲ್ಲವನ್ನೂ ಯಾರೋ ಬಹಳ ಪ್ರೀತಿಯಿಂದ ಯೋಚಿಸಿ ಇಟ್ಟ ಹಾಗೆ ನನಗೆ ಕಂಡಿತು.

ಮನೆಗೆ ಬಂದರೆ ಎದುರು ಬಾಗಿಲಿಗೆ ಒಳಗಿನಿಂದ ಚಿಲಕ. ತಟ್ಟಿದೆ. ಸಭೆಯಿಂದ ಮೊದಲೇ ಎದ್ದು ಬಂದಿದ್ದ ಸುಮತಿಯ ಸ್ವರ ಕೇಳಿತು. "ಮಹಾರಾಜರು ಹಿಂದಿನ ಬಾಗಿಲಿಂದ ಬರ್ಬೇಕು. ಹೊರಗೆ ಸುತ್ತುವವರ ಕಾಲುನೋವು ಸಭೆಯಲ್ಲಿ ಗೊತ್ತಾಯ್ತಲ್ಲ!"

ಮನೆಗೆ ಸುತ್ತು ಹಾಕಿದೆವು. ಹಿಂದಿನ ಮೆಟ್ಟಿಲ ಮೇಲೆ ಎಣ್ಣೆಯ ಕುಪ್ಪಿ, ಸುತ್ತಿಗೆ, ಹಾರೆ, ಎಲ್ಲ ತಯಾರಾಗಿ ಕುಳಿತಿದ್ದವು. ಕೀಲುಗಳಿಗೆ ಎಣ್ಣೆ ಬಿಟ್ಟು, ಹಾರೆ ಮೀಟಿ, ಇಬ್ಬರೂ ಹೆಗಲು ಕೊಟ್ಟು ನೂಕಿದೆವು. ಬೆವರಿಳಿಯಿತು. ಕೊನೆಗೆ ಬಾಗಿಲು ನರಳುತ್ತಾ ತೆರೆಯಿತು. ಒಳಗೆ ಒಲೆಯ ಬೆಳಕಿನಲ್ಲಿ ಸುಮತಿ ನಿಂತಿದ್ದಳು, ಪಕ್ಕದಲ್ಲಿ ಮೂರು ಲೋಟ ಚಹಾ.

"ನೋಡು" ಎಂದೆ ಲ್ಯಾನ್ಸಿಗೆ, ಏದುಸಿರಿನಲ್ಲೂ ಬಿಡದೆ. "ಬಾಗಿಲಿದ್ದಮೇಲೆ ಹಿಂದೆ ಒಬ್ಬರು ಇರಲೇಬೇಕು ಅಂತ ಹೇಳಿರಲಿಲ್ಲವಾ?"

"ಒಪ್ಪಿದೆ ಮಾರಾಯ. ಆದ್ರೆ ಪ್ಲಾನ್ ಮಾಡಿದ್ದು ಕೂಡ ಅವ್ರೇ" ಎಂದು ಅವನು ಚಹಾಕ್ಕೆ ಕೈ ಚಾಚಿದ.

ನಾನೂ ಕೈ ಚಾಚಿದೆ. ಸುಮತಿ ನನ್ನ ಕೈಗೆ ಖಾಲಿ ಕೊಡವನ್ನು ಇಟ್ಟಳು. ಇಷ್ಟ ಬಂದ ಕಡೆ ಹೋಗುವ ಸ್ವಾತಂತ್ರ್ಯ ನನಗೆ ಆಗಲೂ ಪೂರ್ತಿ ಇತ್ತು. ನಾನು ಬಾವಿಯ ಕಡೆ ನಡೆದೆ.