ಲೆಕ್ಕಕ್ಕೆ ಸಿಗದ ಸಿಂಹ

ನಾನು ಬೋರ್ಡ್ ಬರೆಯುವವ. ಊರು ಧಾರವಾಡ, ಅಂಗಡಿ ಪುಣೆಯ ಶಿವಾಜಿನಗರದಲ್ಲಿ. ಹಾಲಿನಂಗಡಿಗೆ ಆಕಳು ಬರೆದರೆ ಯಾರೂ ತುಟಿ ಬಿಚ್ಚುವುದಿಲ್ಲ. ಅಶೋಕನ ಸಿಂಹ ಬರೆಯಲು ಕುಳಿತರೆ ಮಾತ್ರ ದಾರಿಹೋಕರೆಲ್ಲ ಪಂಡಿತರಾಗುತ್ತಾರೆ.

ತೊಂಬತ್ತರ ದಶಕದಲ್ಲಿ ಒಂದು ಸರಕಾರಿ ಕಚೇರಿಗೆ ರಾಷ್ಟ್ರಲಾಂಛನದ ತಗಡಿನ ಬೋರ್ಡ್ ಬರೆದೆ. ಜನವರಿ ಇಪ್ಪತ್ತಾರಕ್ಕೆ ಮೊದಲು ಅದು ಗೋಡೆ ಏರಬೇಕು. ತಪ್ಪಿದರೆ ಆ ಕಚೇರಿಯ ಕೆಲಸವೆಲ್ಲ ಎದುರಂಗಡಿಯ ಪೇಂಟರನಿಗೆ. ಅವನು ಆಗಲೇ ಬ್ರಷ್ ತೊಳೆದಿಟ್ಟಿದ್ದ.

ಗಾಡಿ

ಬಣ್ಣ ಒಣಗುತ್ತಿತ್ತು. ಕಲಬುರಗಿ ಕಡೆಯ, ಗಾರೆ ಕೆಲಸದ ಗೌಂಡಿಯೊಬ್ಬ ಚಹಾ ಕುಡಿಯುತ್ತ ನಿಂತು ನೋಡಿದ.

"ಯಜಮಾನ್ರ, ನಡುವ ಗಾಲಿ ಅದ. ಈ ಕಡಿ ಕುದುರಿ, ಆ ಕಡಿ ಎತ್ತು. ಗಾಡಿ ಎಲ್ಲದರೀ?"

"ಅದು ಧರ್ಮಚಕ್ರ. ಎತ್ತು ಅಂದ್ರ ದುಡಿತ, ಕುದುರಿ ಅಂದ್ರ ವೇಗ."

ಅವನು ಲೋಟ ಕೆಳಗಿಟ್ಟ. "ಎತ್ತಿನ ಸಂಗಡ ಕುದುರಿ ಹೂಡಿದ್ರ ಗಾಲಿ ಹೆಂಗ ಉರುಳ್ತದರೀ? ಅದಕ್ಕ ನೋಡ್ರಿ, ಸರಕಾರಿ ಕೆಲಸ ಮುಂದ ಹೋಗವಲ್ದು."

ಬಾಯಿ

ಬೋರ್ಡ್ ಹೊತ್ತು ಕಚೇರಿಗೆ ಹೋದೆ. ಅಲ್ಲಿನ ಹೆಡ್‌ಕ್ಲಾರ್ಕನಿಗೆ ಸಿಂಹಗಳ ಬಾಯಿ ಹಿಡಿಸಲಿಲ್ಲ. ಯಾಕೆ ತೆರೆದಿವೆ ಎಂದು ಮರಾಠಿಯಲ್ಲಿ ಕೇಳಿದ.

"ಗರ್ಜನೆ," ಎಂದೆ.

ಬಾಗಿಲಲ್ಲಿದ್ದ ಜವಾನ ಗಡಿಯಾರ ನೋಡಿದ. ಒಂದು ಹೊಡೆದಿತ್ತು. ಪುಣೆಯಲ್ಲಿ ಅಂಗಡಿಯವರು ನಾಲ್ಕರವರೆಗೆ ಬಾಗಿಲು ಹಾಕಿ ಮಲಗುವ ಹೊತ್ತು.

"ಗರ್ಜನೆ ಎಲ್ಲಿಯದು ಸಾಹೇಬ್?" ಎಂದ. "ಆಕಳಿಕೆ."

ನಾಲ್ಕು

ಕಚೇರಿಯ ಸಾಹೇಬರು ಬೆಳಗಾವಿಯವರು. ಬೋರ್ಡಿನ ಮುಂದೆ ನಿಂತು ಬೆರಳಿಟ್ಟು ಎಣಿಸಿದರು.

"ಆರ್ಡರಿನಾಗ ನಾಲ್ಕು ಸಿಂಹ ಅಂತ ಅದ. ಇಲ್ಲಿ ಮೂರೇ ಅವ."

"ಸಾರನಾಥದ ಕಂಬದ ಮ್ಯಾಲೆ ನಾಲ್ಕು ಅವರೀ, ಬೆನ್ನಿಗೆ ಬೆನ್ನು ಹಚ್ಚಿ. ಮುಂದಿನಿಂದ ನೋಡಿದ್ರ ಒಂದು ಕಾಣಂಗಿಲ್ಲ."

"ಕಾಣಲಾರದ್ದಕ್ಕ ಸಹಿ ಹೆಂಗ ಮಾಡ್ಲಿ? ನಾಳೆ ಝಂಡಾವಂದನ ಅದ. ನಾಲ್ಕನೇದ್ದು ತೋರಸ್ರಿ. ಇಲ್ಲಂದ್ರ ನಿಮ್ಮ ಎದುರಂಗಡಿಯವನ್ನ ಕರಸ್ತೀನಿ."

ಚೀಲದಿಂದ ಬಣ್ಣ, ಬ್ರಷ್ ತೆಗೆದೆ. ಬೋರ್ಡ್ ತಿರುವಿ, ಹಿಂಬದಿಗೆ ಒಂದು ಸಿಂಹ ಬರೆದೆ.

"ತಗೋರಿ."

ಮುಂದೆ ಮೂರು, ಹಿಂದೆ ಒಂದು. ಎಣಿಸಿ ಸಹಿ ಮಾಡಿದರು. ಸಾಮಾನಿನ ರಿಜಿಸ್ಟರಿನಲ್ಲೂ ಬರೆಸಿದರು: ಸಿಂಹ, ನಾಲ್ಕು. ಬೋರ್ಡ್ ಗೋಡೆ ಏರಿತು.

ಹತ್ತು ವರ್ಷದ ಮೇಲೆ ಹೊಸ ಸಾಹೇಬರು ಬಂದರು. ರಿಜಿಸ್ಟರ್ ಹಿಡಿದು ಕಚೇರಿಯ ಸಾಮಾನೆಲ್ಲ ತಾಳೆ ನೋಡಿದರು. ಕುರ್ಚಿ ಸರಿ, ಕಪಾಟು ಸರಿ, ಸಿಂಹ ಮೂರು. ನನಗೆ ನೋಟಿಸು ಬಂತು: ಒಂದು ಸಿಂಹ ಎಲ್ಲಿ? ತಿಳಿಸದಿದ್ದರೆ ಮುಂದಿನ ಕೆಲಸ ಎದುರಂಗಡಿಗೆ.

ಹೋದೆ. ಅದೇ ಜವಾನ ಬೋರ್ಡ್ ಇಳಿಸಿ ತಿರುವಿ ಹಿಡಿದ. ಸಿಂಹ ಇತ್ತು. ಮೂಗಿನ ಮೇಲೆ ಹಲ್ಲಿಯ ಮೊಟ್ಟೆ.

"ಹತ್ತು ವರ್ಷದಿಂದ ಜಾಗ ಬಿಟ್ಟು ಎದ್ದಿಲ್ಲ," ಎಂದ ಜವಾನ. "ನಮ್ಮ ಕಚೇರಿಯಲ್ಲಿ ಅಂಥವನು ಇವನೊಬ್ಬನೇ."

ಸಾಹೇಬರು ನಗಲಿಲ್ಲ. ಪೆನ್ನು ತೆಗೆದು, ರಿಜಿಸ್ಟರಿನಲ್ಲಿ ನಾಲ್ಕನೆಯ ಸಿಂಹದ ಮುಂದೆ ಬರೆದರು: ಹಾಜರು.