ಅಳಿಯನ ಎಣ್ಣೆಸ್ನಾನವೂ ನನ್ನ ವೈರಿಂಗ್ ತಪಾಸಣೆಯೂ

ನೌಕರಿ ಎಂಬುದು ಸಂಬಳ ಕೊಟ್ಟು ಸುಮ್ಮನಿರುವುದಿಲ್ಲ ಸ್ವಾಮಿ, ಸ್ವಭಾವಕ್ಕೂ ಕೈಹಾಕುತ್ತದೆ. ನಾನು ಕೇಂದ್ರ ಸರ್ಕಾರದ ರಕ್ಷಣಾ ಕಾರ್ಖಾನೆಯೊಂದರಲ್ಲಿ ಮಾಲು ತಪಾಸಣೆ ಮಾಡುವವನು. ಬಂದದ್ದರಲ್ಲೆಲ್ಲ ಐಬು ಹುಡುಕುವುದೇ ನನ್ನ ಕೆಲಸ. ಆ ಚಾಳಿಯನ್ನು ಗೇಟಿನಲ್ಲೇ ಬಿಟ್ಟು ಬರಲು ನನಗೆ ಆಗಲೇ ಇಲ್ಲ. ಬೆಳಿಗ್ಗೆ ನಾನು ರಿಜೆಕ್ಟ್ ಮಾಡಿದ ಉಪ್ಪಿಟ್ಟನ್ನೇ ಹೆಂಡತಿ ಸಂಜೆ ನನಗೆ ಬಡಿಸಿದ್ದೂ ಉಂಟು.

ಮಗಳ ಮದುವೆಯಾದ ಮೊದಲ ದೀಪಾವಳಿ. ಅಳಿಯ ಸಾಫ್ಟ್‌ವೇರಿನವ. ಆಗ ಹೈದರಾಬಾದಿನಲ್ಲಿ ಸಾಫ್ಟ್‌ವೇರಿನವರೆಂದರೆ ಅಂಗಡಿಯವರೂ ಎದ್ದು ಕುರ್ಚಿ ಕೊಡುತ್ತಿದ್ದ ಕಾಲ. ಅಂಥವನಿಗೆ ನಮ್ಮ ತಾರ್ನಾಕದ ಮನೆಯ ಹಳೇ ಗೀಸರಿನ ಉಗುರುಬೆಚ್ಚಗಿನ ನೀರಿನಲ್ಲಿ ಎಣ್ಣೆಸ್ನಾನ ಮಾಡಿಸುವುದೇ? ಅಬಿಡ್ಸಿನ ಅಂಗಡಿಗೆ ಹೋಗಿ, ಗೀಸರನ್ನು ಎಕ್ಸ್‌ಚೇಂಜಿಗೆ ಕೊಟ್ಟು, ತಿರುವಿದ ಕೂಡಲೇ ಬಿಸಿನೀರು ಸುರಿಸುವ ಭಾರೀ ಕರೆಂಟಿನ ಶವರೊಂದನ್ನು ತಂದೆ. ತಂದು ಗೋಡೆಗೆ ತೂಗುಹಾಕಿದ ಮೇಲೆ ವೈರಿಂಗ್ ನೋಡಿದೆ. ಈ ಕ್ರಮ ಉಲ್ಟಾ ಆಯಿತೆಂದು ಹೆಂಡತಿ ಹೇಳುವ ತನಕ ನನಗೆ ಹೊಳೆದಿರಲಿಲ್ಲ.

ಬೋರ್ಡು ಬಿಚ್ಚಿದರೆ ಒಳಗಿನ ವೈರು ಶಾವಿಗೆಯಷ್ಟು ತೆಳ್ಳಗೆ! ಅದಕ್ಕೆ ಈ ಶವರಿನ ಭಾರ ಹಾಕಿದರೆ ಅಳಿಯನ ನೀರಿಗಿಂತ ಮೊದಲು ಗೋಡೆಯೇ ಕಾಯುತ್ತಿತ್ತು. ಅರ್ಥಿಂಗ್ ಹುಡುಕಿದೆ, ಹಸಿರು ವೈರು ಗೋಡೆಯೊಳಗೆ ಹೋಗಿದ್ದೇ ಬಂತು, ಎಲ್ಲೂ ನೆಲ ಮುಟ್ಟಿರಲಿಲ್ಲ. ಕರೆಸಿದ ಎಲೆಕ್ಟ್ರಿಷಿಯನ್ ಪಾನ್ ಜಗಿಯುತ್ತ, "ಕುಛ್ ನೈ ಹೋತಾ ಸಾಬ್, ಪೂರಾ ಹೈದರಾಬಾದ್ ಐಸಾಚ್ ನಹಾರಾ" ಎಂದು, ಏನೂ ಆಗುವುದಿಲ್ಲವೆಂದು ಇಡೀ ಊರಿನ ಸ್ನಾನಕ್ಕೆ ತಾನೇ ಜಾಮೀನು ನಿಂತ. ಅವನನ್ನೂ ರಿಜೆಕ್ಟ್ ಮಾಡಿದೆ. ದಪ್ಪ ವೈರು, ಬೇರೆಯೇ ಲೈನು, ಸರಿಯಾದ ಅರ್ಥಿಂಗ್ ಆಗದೆ ಯಾರೂ ಬಟನ್ ಮುಟ್ಟಕೂಡದೆಂದು ಫರ್ಮಾನು ಹೊರಡಿಸಿದೆ. ಅದನ್ನೆಲ್ಲ ಮಾಡಿಕೊಡುವವರು ಮಾತ್ರ ಹಬ್ಬ ಮುಗಿಯುವ ತನಕ ಸಿಗುವಂತಿರಲಿಲ್ಲ.

"ಇದ್ದ ಗೀಸರ್ ಕೊಟ್ಟು ಬಂದ್ರಿ, ತಂದದ್ದು ಹಚ್ಚಾಕ ಬಿಡವಲ್ರಿ. ಹೊಸಾ ಅಳಿಯಾಗ ತಣ್ಣೀರು ಹಾಕಿ ಆರತಿ ಮಾಡ್ಲೇನ್ರಿ? ಬೀಗರ ಮುಂದ ನನ್ನ ಮಾರಿ ಎಲ್ಲಿಡ್ಲಿ?" ಎಂದಳು ಹೆಂಡತಿ. ಅವಳ ಕಣ್ಣು ತುಂಬಿತ್ತು. ಆದರೆ ಅಷ್ಟಕ್ಕೆ ವೈರು ದಪ್ಪವಾಗುತ್ತದೆಯೇ?

ಹಬ್ಬದ ಬೆಳಿಗ್ಗೆ ಅವಳು ಗ್ಯಾಸಿನ ಎರಡೂ ಒಲೆಗಳ ಮೇಲೆ ದೊಡ್ಡ ಪಾತ್ರೆ ಏರಿಸಿದಳು. ಚಕ್ಕುಲಿ ಕರಿದು ಬಸವಳಿದಿದ್ದ ಸಿಲಿಂಡರು ಮಗಳು-ಅಳಿಯನ ನೀರು ಕಾಯಿಸಿ ಕೈಯೆತ್ತಿಬಿಟ್ಟಿತು. ಮಣೆಯ ಮೇಲೆ ಕೂತ ಅಳಿಯ, ಸುರಿಯುತ್ತಿದ್ದ ತಂಬಿಗೆಯ ನೀರಿನ ನಡುವೆಯೇ ತಲೆಯೆತ್ತಿ, "ಅತ್ತಿ, ಮ್ಯಾಲಿನ ಇದೇನ್ರಿ?" ಎಂದ.

"ಅದಾ? ನಿಮ್ಮ ಮಾವನವರು ನೋಡಾಕಂತ ತಂದಾರ್ರಿ."

ಆರತಿ ಚೆಂದಾಗಿ ಆಯಿತು. ಹೆಂಡತಿಯ ಮುಖವೂ ಅರಳಿತು. ಮೈಗೆಲ್ಲ ಎಣ್ಣೆ ಬಳಿದುಕೊಂಡು ಕೊನೆಗೆ ನಿಂತಿದ್ದ ನನ್ನ ಕೈಗೆ ಅವಳು ನಲ್ಲಿಯ ನೀರಿನ ಬಕೀಟು ಕೊಟ್ಟಳು. "ತಣ್ಣೀರ್ರಿ. ಇದಕ್ಕ ವೈರಿಂಗ್ ಬೇಕಾಗಂಗಿಲ್ಲ."

ಮೊದಲ ತಂಬಿಗೆಗೇ ಕಿಟಾರನೆ ಕಿರುಚಿಕೊಂಡೆ. ಬಾಗಿಲ ಹೊರಗೆ ಅಳಿಯ ಗಾಬರಿಯಿಂದ, "ಮಾವಾರ, ಏನಾತ್ರಿ?" ಎಂದ.

"ಏನಿಲ್ರಿ, ನೀರು ಭಾಳ ಸುಡಾಕತ್ತಾವ!" ಎಂದು ಹಲ್ಲು ಕಟಕಟಿಸುತ್ತಲೇ ಕೂಗಿದೆ.